ಭೀಕರವಲ್ಲದ ಅಪಘಾತ ಕಂಡವರುಂಟೇ?

ಅರವತ್ತು, ಎಪ್ಪತ್ತರ ದಶಕದ ಕನ್ನಡ ಪತ್ರಿಕೆ ಓದಿ ಬೆಳೆದವರನ್ನು ಕೇಳಿ ನೋಡಿ. ಬರೀ ‘ಅಪಘಾತ’ ಅಂದರೆ ಅವರಿಗೆ ಏನೋ ಕೊರತೆ ಅನ್ನಿಸುತ್ತದೆ. ಅಪಘಾತ ಅಂದಮೇಲೆ ಅದು ಭೀಕರ. ಕೊಲೆ ಬರ್ಬರ. ಜನಸ್ತೋಮ ಅಪಾರ. ಖಂಡನೆ ಉಗ್ರ. ಜಾತಕ ಕೂಡಿಸಿ ಮದುವೆ ಮಾಡಿಸಿದ ಜೋಡಿಗಳ ಹಾಗೆ ಒಂದನ್ನು ಬಿಟ್ಟು ಇನ್ನೊಂದು ಹೊಸಿಲು ದಾಟುತ್ತಿರಲಿಲ್ಲ.

ಈ ಪೈಕಿ ಜಾಸ್ತಿ ದುಡಿದದ್ದು ‘ಭೀಕರ’. ಲಾರಿ, ಬಸ್ಸು ಮುಖಾಮುಖಿ ಡಿಕ್ಕಿಯಾದರೂ ಭೀಕರ, ಎತ್ತಿನ ಗಾಡಿಗೆ ಟೆಂಪೊ ತಾಗಿದರೂ ಭೀಕರ. ದಪ್ಪಕ್ಷರದ ತಲೆಬರಹ ನೋಡಿ ಎದೆ ಹಿಡಿದುಕೊಂಡು ಓದುತ್ತಾ ಹೋದರೆ ಕೊನೆ ಸಾಲಿನಲ್ಲಿ, ‘ಅದೃಷ್ಟವಶಾತ್ ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ’. ಹಾಗಾದರೆ ಭೀಕರವಾದದ್ದು ಏನು ಸ್ವಾಮಿ? ಚಾಲಕ ಪರಾರಿಯಾದ ವೇಗವೇ?

ಸುಮ್ನೆ ಬೈಯಬಾರದು ಅನ್ನಿ. ಅದು ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಒಂದು ಫೋಟೊ ಹಾಕಬೇಕೆಂದರೆ ಬ್ಲಾಕ್, ಅಂದರೆ ಆ ಚಿತ್ರದ ಲೋಹದ ಅಚ್ಚು, ಮಾಡಿಸಬೇಕು. ಅದಕ್ಕೆ ದುಡ್ಡು ಬೇಕು, ಹೊತ್ತು ಬೇಕು. ತಾಲ್ಲೂಕಿನ ಅರೆಕಾಲಿಕ ವರದಿಗಾರನ ಹತ್ತಿರ ಕ್ಯಾಮೆರಾ ಎಲ್ಲಿಂದ ಬರಬೇಕು? ಅವನ ಸುದ್ದಿಯೇ ಲಕೋಟೆಯಲ್ಲಿ ಕೂತು, ಬಸ್ಸು ಹತ್ತಿ ಊರಿಗೆ ಬರಬೇಕಿತ್ತು. (ಆ ಬಸ್ಸಿಗೇ ಅಪಘಾತವಾದರೆ ಸುದ್ದಿ ಎರಡು ದಿನ ತಡ.) ಎಷ್ಟೋ ಕಡೆ ಅವನಿಗೆ ಕೊಡುತ್ತಿದ್ದ ಸಂಭಾವನೆಯೂ ಅಚ್ಚಾದ ಕಾಲಂನ ಉದ್ದ ಅಳೆದು. ಜಜ್ಜಿಹೋದ ಬಸ್ಸಿನ ಚಿತ್ರ ಇರಬೇಕಾದ ಕಡೆ ಮೂರಕ್ಷರ ಇಟ್ಟರೆ ಆಯಿತು, ಓದುಗ ಉಳಿದದ್ದನ್ನು ತಾನೇ ಕಲ್ಪಿಸಿಕೊಂಡು ಬೆಚ್ಚುತ್ತಿದ್ದ. ಬ್ಲಾಕ್ ಖರ್ಚೂ ಉಳಿಯಿತು.

ನನ್ನ ತಕರಾರು ಬೇರೆ. ಇಷ್ಟು ಧಾರಾಳವಾಗಿ ಹಂಚಿದ ಮಾತು ಕೆಲವರ ಮನೆ ಮುಂದೆ ಮಾತ್ರ ಹಾಯಲೇ ಇಲ್ಲ. ಅಪಘಾತ ಭೀಕರ, ಆದರೆ ಆ ತಿರುವಿನಲ್ಲಿ ರಸ್ತೆ ಮಾಡಿದ ಗುತ್ತಿಗೆದಾರ ಭೀಕರ ಅಲ್ಲ. ಚಾಲಕನಿಗೆ ಕಣ್ಣು ಮುಚ್ಚಲೂ ಬಿಡದೆ ಲಾರಿ ಓಡಿಸಿದ ಮಾಲೀಕ ಭೀಕರ ಅಲ್ಲ. ಬರ ಬಂದರೆ ಅದು ಭೀಕರ, ಅದಕ್ಕೆ ಮಂತ್ರಿಗಳು ಕೈಗೊಳ್ಳುವ ಕ್ರಮ ಸೂಕ್ತ. ಸೂಕ್ತ ಕ್ರಮ ಅಂದರೆ ಏನು ಅಂತ ಬಿಡಿಸಿ ಹೇಳಿದ ವರದಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ನಿಜವಾದ ಬರ ಹೇಗಿರುತ್ತದೆ ಅಂತ ಮೈಸೂರು ಸೀಮೆ 1876–78ರಲ್ಲಿ ನೋಡಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಬದುಕಿ ಉಳಿದವರು ಅದಕ್ಕೆ ಇಟ್ಟ ಹೆಸರು ‘ಧಾತು ಈಶ್ವರ ಬರ’. ಎರಡು ಸಂವತ್ಸರಗಳ ಹೆಸರು, ಅಷ್ಟೇ. ಪಾಪ, ಅವರ ಹತ್ತಿರ ಸುದ್ದಿ ತಿದ್ದಿ ತಲೆಬರಹ ಕೊಡುವ ಉಪಸಂಪಾದಕರು ಇರಲಿಲ್ಲ.

ನೂರು ವರ್ಷ ಕಳೆದ ಮೇಲೆ ಉಪಸಂಪಾದಕರೂ ಇದ್ದರು, ಪದವೂ ಇತ್ತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು, ಜೊತೆಗೆ ಸೆನ್ಸಾರ್ ಬಂತು. ಮರುವರ್ಷ ನಟಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರಿನ ಸೆರೆಮನೆಗೆ ಹಾಕಿದರು. ಅವರಿಗೆ ಅಸ್ತಮಾ. ತಿಂಗಳುಗಟ್ಟಲೆ ಒಳಗೇ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಟೆಂಪೊ ತಾಗಿದ ಎತ್ತಿನ ಗಾಡಿಗೆ ಸಿಕ್ಕ ಪದ ಇಲ್ಲಿಗೂ ಸಲ್ಲಬೇಕಿತ್ತು ಅಲ್ವಾ? ಆದರೆ ಸರ್ಕಾರದ ಸೆರೆಮನೆಯನ್ನು ಭೀಕರ ಅಂತ ಬರೆದರೆ ಅದು ಅಚ್ಚಿನ ಮನೆ ತಲುಪುವ ಮಾತೇ ಇರಲಿಲ್ಲ. ಲಾರಿ ಡಿಕ್ಕಿಯ ವಿಷಯದಲ್ಲಿ ಮಾತ್ರ ಸೆನ್ಸಾರ್ ಸಾಹೇಬರ ತಕರಾರು ಇದ್ದಂತೆ ಕಾಣೆ.