ಬಿಂದಿಗೆ ಹೊತ್ತು ನಿಂತ ಅಕ್ಕ

2008ರಲ್ಲಿ ಅಕ್ಕನ ಮದುವೆ ಆದಾಗ ವಿಡಿಯೋದವನು ಕೊಟ್ಟಿದ್ದು ಒಂದೇ ಡಿವಿಡಿ, ಅದನ್ನ ಕಾಪಿ ಹೊಡೆದು ನೆಂಟರಿಗೆಲ್ಲ ಹಂಚೋ ಕೆಲಸ, ಮನೇಲಿ ಕಂಪ್ಯೂಟರ್ ಇಟ್ಕೊಂಡ ತಪ್ಪಿಗೆ ನನ್ನ ತಲೆಗೆ ಬಂತು. ನಮ್ಮ ಕೊಡಗಿನ ಗೋಣಿಕೊಪ್ಪಕ್ಕೆ ಹೋಗಿ ಮೂರು ಥರದ ಖಾಲಿ ಡಿಸ್ಕ್ ತಂದೆ, ಯಾವುದು ಬಾಳಿಕೆ ಬರುತ್ತೆ ನೋಡೇ ಬಿಡೋಣ ಅಂತ. ಒಂದು ದೊಡ್ಡ ಕಂಪನಿದು, ಒಂದೊಂದಕ್ಕೂ ಬೇರೆ ಡಬ್ಬಿ. ಇನ್ನೊಂದು ಕಡ್ಡಿಗೆ ಪೋಣಿಸಿದ 50ರ ಕಟ್ಟು. ಮೂರನೇದಕ್ಕೆ ಹೆಸರೂ ಇಲ್ಲ ಊರೂ ಇಲ್ಲ, ಅಂಗಡಿಯವರು "ಎಲ್ಲಾ ಒಂದೇ ಮಾರಾಯ, ಪ್ಲಾಸ್ಟಿಕ್ ತಾನೇ" ಅಂದ್ರು.

ಜೂನ್ ತಿಂಗಳು. ಎಲ್ಲೋ ಮರ ಬಿದ್ದು ಕರೆಂಟ್ ಹೋಗೋದು ಸರಿಯಾಗಿ 97 ಪರ್ಸೆಂಟ್ ಬರ್ನ್ ಆದಾಗಲೇ. ಡಿವಿಡಿ-ಆರ್ ಅಂದ್ರೆ ಒಳಗಿರೋ ಬಣ್ಣದ ಪದರನ ಲೇಸರ್ ಸುಟ್ಟು ಗುರುತು ಮಾಡೋದು, ಸುಟ್ಟ ಅಕ್ಕಿರೊಟ್ಟಿನ ಮತ್ತೆ ಹಿಟ್ಟು ಮಾಡೋಕಾಗುತ್ತಾ? ನಾಲ್ಕು ಡಿಸ್ಕ್ ಹಾಗೇ ಕಾಫಿ ಲೋಟದ ಅಡಿಗೆ ಹೋದ್ವು. ಆಮೇಲೆ ಕರೆಂಟ್ ಹೋಗೋದ್ರೊಳಗೆ ಮುಗಿಸ್ಬೇಕು ಅಂತ 16 ಎಕ್ಸ್ ಸ್ಪೀಡಲ್ಲಿ ಬರೆದೆ, ಬರೆದಿದ್ದು ಸರಿ ಇದೆಯಾ ಅಂತ ನೋಡೋ ವೆರಿಫೈ ಬಟನ್ ಮುಟ್ಟಲೇ ಇಲ್ಲ.

ಡಿಸ್ಕಲ್ಲಿ ಬರೆಯೋದು ನಡುವಿನ ತೂತಿನ ಕಡೆಯಿಂದ ಅಂಚಿಗೆ. 4.7 ಜಿಬಿ ಪೂರ್ತಿ ತುಂಬಿಸಿದ್ರೆ ಕೊನೇ ಭಾಗ ಅಂಚಲ್ಲಿ ಬರುತ್ತೆ, ಕೈಕೊಡೋದೂ ಹೆಚ್ಚಾಗಿ ಅಲ್ಲೇ. ನಮ್ಮ ಕೊಡವರ ಮದುವೆ ಕೊನೇಲಿ ಏನಿರುತ್ತೆ ಹೇಳಿ? ಗಂಗೆ ಪೂಜೆ. ಮದುಮಗಳು ತಲೆ ಮೇಲೆ ನೀರಿನ ಬಿಂದಿಗೆ ಹೊತ್ತು ಬರ್ತಿದ್ರೆ ಹುಡುಗನ ಕಡೆಯವರು ಎದುರಿಗೆ ವಾಲಗಕ್ಕೆ ಕುಣೀತಾ ದಾರಿ ಬಿಡಲ್ಲ. ಅವತ್ತು ಬಾವನ ಕಡೆಯವರು ಅಕ್ಕನ್ನ ಗಂಟೆಗಟ್ಟಲೆ ನಿಲ್ಲಿಸಿದ್ರು, ನನ್ನ ಡಿವಿಡಿ ಶಾಶ್ವತವಾಗಿ ನಿಲ್ಲಿಸ್ತು. ಒರಿಜಿನಲ್ ಹಾಕೋಣ ಅಂದ್ರೆ ಯಾರೋ ನೆಂಟರು ನೋಡಿ ಕೊಡ್ತೀವಿ ಅಂತ ತಗೊಂಡು ಹೋದವರು ಇವತ್ತಿಗೂ ನೋಡ್ತಾನೇ ಇದ್ದಾರೆ.

ದೊಡ್ಡ ಕಂಪನಿದಕ್ಕೆ ಏನೂ ಆಗಿರ್ಲಿಲ್ಲ, ಅದನ್ನ ಮಾತ್ರ ನಿಧಾನಕ್ಕೆ 4 ಎಕ್ಸಲ್ಲಿ ಬರೆದಿದ್ದೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಹಿಡಿಯೋ ಊರು ನಮ್ಮದು, ಇದಕ್ಕೆ ಹಿಡೀಬಾರ್ದು ಅಂತ ಜೋಪಾನವಾಗಿ ಒಲೆ ಮೇಲಿನ ಅಟ್ಟದಲ್ಲಿ, ಹೊಗೆಗೆ ಕಟ್ಟಿದ್ದ ಮಾಂಸದ ಪಕ್ಕ ಇಟ್ಟೆ. ಆಗಸ್ಟಲ್ಲಿ ತೆಗೆದು ನೋಡಿದ್ರೆ ಹಪ್ಪಳ.

ಫೋಟೋ ಹಾಕಿದ್ದ 700 ಎಂಬಿ ಸಿಡಿಗಳ ಕಥೆ ಬೇರೆ. ಅದರ ಮೇಲೆ ಬಾಲ್‌ಪೆನ್ನಲ್ಲಿ ಒತ್ತಿ ಒತ್ತಿ "ಅಕ್ಕನ ಮದುವೆ" ಅಂತ ಬರೆದಿದ್ದೆ. ಸಿಡಿಲಿ ಹೊಳೆಯೋ ಲೋಹದ ಪದರ ಇರೋದು ಹೆಸರು ಬರೆಯೋ ಕಡೆಯೇ, ಅದರ ಮೇಲೆ ಒಂದು ತೆಳ್ಳಗಿನ ಲೇಪ ಅಷ್ಟೇ ಅಂತ ಆಮೇಲೆ ಗೊತ್ತಾಯ್ತು. ನಾವೆಲ್ಲ ಮಗು ಥರ ಕಾಪಾಡೋದು ಕೆಳಗಿನ ಮೈನ! ಡಿವಿಡಿಲಾದ್ರೆ ಆ ಲೋಹದ ಪದರ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ತಟ್ಟೆ ನಡುವೆ ಬೆಚ್ಚಗೆ ಕೂತಿರುತ್ತೆ.

ಕೊನೆಗೆ ಅಪ್ಪ ಎಲ್ಲಾನೂ ದಾರಕ್ಕೆ ಕಟ್ಟಿ ಗಿಳಿ ಓಡಿಸೋಕೆ ಗದ್ದೆಲಿ ನೇತುಹಾಕಿದ್ರು. ನಿಜವಾದ ಟೆಸ್ಟ್ ಆಗಿದ್ದು ಅಲ್ಲೇ ಅನ್ನಿ. ಸಿಡಿಗಳ ಬೆಳ್ಳಿ ಮಳೆಗೆ ಸಿಪ್ಪೆ ಥರ ಎದ್ದುಹೋಗಿ ಬರೀ ಗಾಜಿನಂಥ ಪ್ಲಾಸ್ಟಿಕ್ ಬಿಲ್ಲೆ ಉಳೀತು. ಹೆಸರಿಲ್ಲದ ಡಿವಿಡಿ, ಒಂದು ದಿನಾನೂ ಪೂರ್ತಿ ಪ್ಲೇ ಆಗದ್ದು, ಫಳಫಳ ಹೊಳೀತಾ ಇತ್ತು.

ಪುತ್ತರಿ ಸುಗ್ಗಿ ಹಬ್ಬಕ್ಕೆ ಬಾವ ಬಂದ್ರು. ಗದ್ದೆ ಬದುವಲ್ಲಿ ನಿಂತು ಕೇಳಿದ್ರು, "ಇದ್ರಲ್ಲಿ ನಿನ್ನ ಅಕ್ಕ ಎಲ್ಲಿದ್ದಾಳೆ?"

"ಬಲಗಡೆಯಿಂದ ಮೂರನೇದು ಬಾವ. ಇನ್ನೂ ಬಿಂದಿಗೆ ಇಳಿಸಿಲ್ಲ."