ಖಡಕವಾಸ್ಲಾದಲ್ಲಿ ಬಾಸ್ ಬೇಟೆ

ನಮ್ಮಕ್ಕನ ಮಗನಿಗೆ ಆಫೀಸಿನ ಬಾಸ್ ಸಾಕಾಗಿ ನೀರಿನ ಬಾಸ್ ಬೇಕಾಯಿತು. ಹುಬ್ಬಳ್ಳಿ ಹುಡುಗ, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ರಾತ್ರಿ ಎರಡರ ತನಕ ಅಮೆರಿಕದವರು ಮೀನು ಹಿಡಿಯುವ ವಿಡಿಯೋ ನೋಡುತ್ತಾನೆ. ಮನೆಯಲ್ಲಿ ಮಾತ್ರ ಎಲ್ಲರೂ ಪಕ್ಕಾ ಸಸ್ಯಾಹಾರಿಗಳು. ಮೀನು ಸಿಕ್ಕರೆ ಏನು ಮಾಡ್ತೀಯೋ ಅಂದರೆ, 'ಬಿಟ್ಟುಬಿಡೋದು ಮಾಮಾ, ಕ್ಯಾಚ್ ಅಂಡ್ ರಿಲೀಸ್' ಅಂದ. ಹಿಡಿಯೋದು, ಫೋಟೋ ತೆಗೆಯೋದು, ಬಿಡೋದು. ನಮ್ಮೂರ ಕೆರೆದಂಡೆಯಲ್ಲಿ ಹೀಗೆ ಮಾಡಿದ್ದರೆ ಪಂಚಾಯ್ತಿ ಸೇರಿಸುತ್ತಿದ್ದರು.

ಬಾಸ್ ಅಂದರೆ ಉತ್ತರ ಅಮೆರಿಕದ ಸಿಹಿನೀರಿನ ಮೀನು. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಸಿಟ್ಟು. ಇದಕ್ಕೆ ಎರೆಹುಳ ಬೇಕಾಗಿಲ್ಲ, ಹಿಟ್ಟಿನ ಉಂಡೆಯೂ ಬೇಕಾಗಿಲ್ಲ, ನೀರಿನ ಮೇಲೆ ತೇಲುವ ಒಂದು ಸುಳ್ಳು ಕಪ್ಪೆ ಸಾಕು. ಟಾಪ್‌ವಾಟರ್ ಲೂರ್ ಅಂತ ಅದರ ಹೆಸರು. ನಮ್ಮ ಹುಡುಗ ಆನ್‌ಲೈನಿನಲ್ಲಿ ತರಿಸಿದ ಕಪ್ಪೆಗೆ 450 ರೂಪಾಯಿ. ಒಳಗೆ ಟೊಳ್ಳು, ಹಿಂದೆ ರಬ್ಬರಿನ ಎರಡು ಜುಟ್ಟು ಕಾಲು. ಎರಡು ಕೊಕ್ಕೆ ಬೆನ್ನಿಗೆ ಅಂಟಿಕೊಂಡು ಕೂತಿರುತ್ತವೆ, ಹಾಗಾಗಿ ಕಳೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮೀನು ಬಾಯಿ ಹಾಕಿದಾಗ ಮೈ ಅಮುಕಿಕೊಂಡು ಕೊಕ್ಕೆ ಹೊರಗೆ ಬರುತ್ತದೆ. ಒಳ್ಳೆ ಬುದ್ಧಿವಂತ ಸಾಮಾನು, ಸುಳ್ಳು ಹೇಳಬಾರದು. ನಾನೇ ಅರ್ಧ ಗಂಟೆ ಅದನ್ನು ಒತ್ತಿ ಒತ್ತಿ ನೋಡಿದೆ, ಕೊನೆಗೆ ಹೆಬ್ಬೆರಳಿಗೆ ಚುಚ್ಚಿಸಿಕೊಂಡೆ.

'ಅಲ್ಲಪ್ಪಾ, ಖಡಕವಾಸ್ಲಾ ಡ್ಯಾಮಿನಲ್ಲಿ ಬಾಸ್ ಎಲ್ಲಿದೆ?' ಅಂತ ಕೇಳಿದೆ.

'ಟೆಕ್ನಿಕ್ ಮುಖ್ಯ ಅದರಿ ಮಾಮಾ. ಮೀನ ಯಾವುದಾದ್ರೂ ಆಗ್ಲಿ.'

ಅವನ ಮಾತು ಪೂರ್ತಿ ತಪ್ಪೂ ಅಲ್ಲ. ಈ ಕಡೆಯವರು ಮರಳ ಅನ್ನುವ, ಹಾವಿನ ತಲೆಯಂಥ ಮೀನೂ ಕಪ್ಪೆ ಕಂಡರೆ ಹಾರಿ ಬೀಳುತ್ತದೆ. ಆದರೆ ಹುಡುಗನ ತಲೆಯಲ್ಲಿ ಇದ್ದದ್ದು ಮರಳ ಅಲ್ಲ, ವಿಶ್ವದಾಖಲೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಬ್ಬ 22 ಪೌಂಡ್ 4 ಔನ್ಸಿನ ಬಾಸ್ ಹಿಡಿದ. ಅಂದರೆ ಹತ್ತು ಕಿಲೋಗೂ ಜಾಸ್ತಿ. ಎಪ್ಪತ್ತೇಳು ವರ್ಷ ಯಾರ ಕೈಗೂ ಅಷ್ಟು ದೊಡ್ಡದು ಸಿಗಲಿಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಇನ್ನೊಬ್ಬನಿಗೆ ಸಿಕ್ಕಿತು, ಅದು ಒಂದು ಔನ್ಸಿನಷ್ಟು ಜಾಸ್ತಿಯೇ ತೂಗಿತು. ಆದರೂ ದಾಖಲೆ ಮುರಿಯಲಿಲ್ಲ, ಸಮ ಆಯಿತು ಅಷ್ಟೇ. ಕನಿಷ್ಠ ಎರಡು ಔನ್ಸ್ ಜಾಸ್ತಿ ಇರಬೇಕಂತೆ, ರೂಲ್ಸು. ಇನ್ನೂ ಮಜಾ ಅಂದರೆ ಆ ಜಪಾನಿನವನನ್ನು ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸಿದರು. ಪಾಸಾದ. ಮೀನು ಹಿಡಿದವರು ರೀಲ್ ಬಿಡ್ತಾರೆ ಅನ್ನೋದು ಜಗತ್ತಿಗೇ ಗೊತ್ತಿರೋ ವಿಷಯ, ಅಲ್ವಾ?

ಅಮೆರಿಕದಲ್ಲೂ ಬೇಸಿಗೆಯಲ್ಲಿ ಕೆರೆ ತುಂಬ ಜನ. ಸ್ಪೀಡ್ ಬೋಟು, ಜೆಟ್ ಸ್ಕೀ, ಈಜುವ ಮಕ್ಕಳು. ಅದಕ್ಕೇ ಅಲ್ಲಿಯವರು ಬೆಳಕು ಹರಿಯುವ ಮುಂಚೆ ಹೋಗುತ್ತಾರೆ, ಇಲ್ಲಾಂದರೆ ಹೊತ್ತು ಮುಳುಗುವಾಗ. ಬಿಸಿಲೇರಿದರೆ ಮೀನು ನೆರಳಿಗೋ ಆಳಕ್ಕೋ ಇಳಿದುಬಿಡುತ್ತದೆ. ಇದೆಲ್ಲ ಬಾಯಿಪಾಠ ಇದ್ದ ನಮ್ಮ ಹುಡುಗ ಬೆಳಗಿನ ನಾಲ್ಕೂವರೆಗೆ ಹೊರಡೋಣ ಅಂತ ನಿಶ್ಚಯ ಮಾಡಿದ. ನಾಲ್ಕೂವರೆಗೆ ನಾನು ಸ್ವೆಟರ್ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದೆ. ಅವನು ಆಗ ತಾನೇ ಮಲಗಿದ್ದ. ಹೊರಟಾಗ ಒಂಬತ್ತೂವರೆ, ಮೇ ತಿಂಗಳ ಭಾನುವಾರ.

ಪುಣೆಯವರಿಗೆ ಭಾನುವಾರ ಬಂದರೆ ಶಾಂತಿ ಬೇಕು. ಇಡೀ ಊರಿಗೆ ಒಂದೇ ಹೊತ್ತಿಗೆ, ಒಂದೇ ರಸ್ತೆಯಲ್ಲಿ ಬೇಕು. ಸಿಂಹಗಡ ರೋಡಿನಲ್ಲಿ ಧಾಯರಿ ದಾಟಿದ ಮೇಲೆ ಕಾರು ನಿಂತೇ ಬಿಟ್ಟಿತು. ಕಿರ್ಕಟ್ವಾಡಿ ಹತ್ತಿರ ಪಕ್ಕದ ಕಾರಿನ ಅಜ್ಜ ಕಿಟಕಿ ಇಳಿಸಿ ಅಡಿಕೆ ಕೊಟ್ಟರು, ಅಷ್ಟು ಹೊತ್ತು ಜೊತೆಗಿದ್ದೆವು. ಅಣೆಕಟ್ಟು ಕಾಣುವಾಗ ಹನ್ನೆರಡಕ್ಕೆ ಹತ್ತು ನಿಮಿಷ.

ಈ ಅಣೆಕಟ್ಟಿನ ಮೇಲೆ ನಮಗೆ ಕನ್ನಡದವರಿಗೆ ಸ್ವಲ್ಪ ಹಕ್ಕಿದೆ. 1903ರಲ್ಲಿ ನಮ್ಮ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು ಮೊದಲು ಹಾಕಿದ್ದು ಇಲ್ಲೇ. ನೀರು ಮಟ್ಟ ಮೀರಿದರೆ ತಾವೇ ತೆರೆಯುತ್ತಿದ್ದವು, ಇಳಿದರೆ ತಾವೇ ಮುಚ್ಚುತ್ತಿದ್ದವು. ಅದೇ ತಲೆಯನ್ನು ಜನರ ಕಡೆಗೂ ಒಂಚೂರು ಓಡಿಸಿ, ಕಾರು ಮಟ್ಟ ಮೀರಿದರೆ ತಾನೇ ಮುಚ್ಚಿಕೊಳ್ಳುವ ಒಂದು ಗೇಟನ್ನು ರಸ್ತೆಗೂ ಮಾಡಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಇದು ಊರು ಕುಡಿಯುವ ನೀರು. ಬೇಸಿಗೆಯಲ್ಲಿ ಪೇಪರಿನವರು ಎಷ್ಟು ಟಿಎಂಸಿ ಉಳಿದಿದೆ ಅಂತ ಚಿನ್ನದ ರೇಟಿನ ಹಾಗೆ ಬರೆಯುತ್ತಾರೆ. ಅದನ್ನು ಓದಿದವರೆಲ್ಲ ಭಾನುವಾರ ಬಂದು ಅದರಲ್ಲೇ ಕಾಲು ತೊಳೆಯುತ್ತಾರೆ.

ದಂಡೆಯಲ್ಲಿ 'ಪಾಣ್ಯಾತ್ ಉತರೂ ನಯೇ' ಅಂತ ಬೋರ್ಡು. ನೀರಿಗೆ ಇಳಿಯಬಾರದು. ಒಬ್ಬರು ಆ ಬೋರ್ಡನ್ನೇ ಹಿಡಿದುಕೊಂಡು, ಒಂದು ಕಾಲೆತ್ತಿ, ಪ್ಯಾಂಟು ಮಡಚುತ್ತಿದ್ದರು. ಬೋರ್ಡಿನ ತಲೆಯ ಮೇಲೆ ಒದ್ದೆ ಟವೆಲ್. ಸುತ್ತ ಸುಟ್ಟ ಮೆಕ್ಕೆಜೋಳ, ಕಾಂದಾ ಭಜಿ, ಬಾಗಿಲು ತೆರೆದಿಟ್ಟು ಹಾಡು ಹಾಕಿದ ಕಾರು. ಎರಡು ಕಾರು, ಎರಡು ಹಾಡು.

ಹುಡುಗ ರಾಡ್ ಜೋಡಿಸಿ ಕಪ್ಪೆ ಎಸೆದ. ಇದರ ಶಾಸ್ತ್ರ ಏನೆಂದರೆ, ಕಪ್ಪೆ ಬಿದ್ದ ಕೂಡಲೇ ಎಳೆಯಬಾರದು. ನೀರಿನ ಬಳೆಗಳೆಲ್ಲ ಅಳಿಸಿ ಹೋಗುವ ತನಕ ಸುಮ್ನೆ ಕಾಯಬೇಕು. ಆಮೇಲೆ ಒಂದು ಸಣ್ಣ ಜಗ್ಗು. ಮತ್ತೆ ಕಾಯಬೇಕು. ನಾವು ಕಾದೆವು. ಬಳೆ ಅಳಿಸಲಿಲ್ಲ. ಒಂದು ಅಳಿಸುವಷ್ಟರಲ್ಲಿ ಯಾರದೋ ಮಗು ಕಲ್ಲು ಎಸೆಯುತ್ತಿತ್ತು. ಮಗು ಬಿಟ್ಟರೆ ಅದರ ಅಪ್ಪ, ಕಲ್ಲು ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಸೆಯುವುದು ಹೇಗೆ ಅಂತ ತೋರಿಸುತ್ತಿದ್ದ. ಹಿಂದೆ ಇಪ್ಪತ್ತು ಜನ ಸೇರಿದರು. 'ಮಾಸಾ ಲಾಗ್ಲಾ ಕಾ?', ಮೀನು ಸಿಕ್ತಾ, ಅಂತ ಪ್ರತಿಯೊಬ್ಬರೂ ಒಂದೊಂದು ಸಲ ಕೇಳಿದರು. ಕೇಳಿದವರು ಹೋಗಲಿಲ್ಲ, ಹೊಸದಾಗಿ ಬಂದವರಿಗೆ 'ಇನ್ನೂ ಇಲ್ಲ' ಅಂತ ಅವರೇ ಉತ್ತರ ಕೊಡತೊಡಗಿದರು.

ಆಗ ಸೀಟಿ ಊದಿತು. ಕಾವಲಿನವರೊಬ್ಬರು ಬಂದರು. ನೀರಲ್ಲಿ ಮೊಣಕಾಲುದ್ದ ನಿಂತ ಸುಮಾರು ನಲವತ್ತು ಜನರನ್ನು ದಾಟಿಕೊಂಡು, ದಂಡೆಯ ಮೇಲೆ ಒಣಗಿದ ಬೂಟು ಹಾಕಿಕೊಂಡು ನಿಂತಿದ್ದ ನಮ್ಮ ಹತ್ತಿರವೇ ಬಂದರು.

ಮೀನು ಹಿಡಿಯುವುದು ಬಂದ್ ಇದೆ ಅಂದರು.

ಇದು ನಿಜವಾದ ಕಪ್ಪೆ ಅಲ್ಲ ಸಾಹೇಬ್ರೇ, ಪ್ಲಾಸ್ಟಿಕ್ಕು ಅಂದ ಹುಡುಗ.

'ಪ್ಲಾಸ್ಟಿಕ್ ಪಣ್ ಬಂದ್ ಆಹೇ.'

ನಿಜವೇ. ಮಹಾರಾಷ್ಟ್ರದಲ್ಲಿ 2018ರಿಂದ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಂದ್. ಅವರು ಈ ಮಾತು ಹೇಳುವಾಗ ಬೂಟಿನಡಿ ಒಂದು ಚಿಪ್ಸ್ ಪ್ಯಾಕೆಟ್ ಚರ್ ಅಂದಿತು. ಪಾಪ, ಅವರು ಕೆಳಗೆ ನೋಡಲಿಲ್ಲ. ಒಬ್ಬರೇ ಮನುಷ್ಯ, ಒಂದೇ ಸೀಟಿ, ಎಷ್ಟು ಅಂತ ನೋಡ್ತಾರೆ? ನಮ್ಮ ಹುಡುಗ ಗಾಬರಿಯಲ್ಲಿ ಕೈಯಲ್ಲಿದ್ದ ಗಾಳದ ರೀಲ್ ತೋರಿಸಿ 'ರೀಲ್ ಆಹೇ ಸರ್, ರೀಲ್' ಅಂದ. ಅದರ ದಾರದ ಸಿಕ್ಕು ಬಿಡಿಸಿ ಹೊರಡುತ್ತೇನೆ ಅನ್ನುವುದು ಅವನ ಮನಸ್ಸಿನಲ್ಲಿತ್ತು. ಅವರ ಮುಖ ಒಮ್ಮೆಲೇ ಸಡಿಲಾಯಿತು.

'ರೀಲ್ ಆಹೇ ಕಾ? ಮಗ್ ಕರಾ, ಲವ್ಕರ್ ಕರಾ.'

ರೀಲಾದರೆ ಮಾಡಿ, ಬೇಗ ಮಾಡಿ! ಮೀನು ಹಿಡಿಯುವುದು ಅಪರಾಧ, ಹಿಡಿದ ಹಾಗೆ ಮಾಡುವುದಕ್ಕೆ ಅಡ್ಡಿ ಇಲ್ಲ. ಅವರೇ ಜನರನ್ನು ನಾಲ್ಕು ಹೆಜ್ಜೆ ಹಿಂದೆ ಸರಿಸಿ ಜಾಗ ಮಾಡಿಕೊಟ್ಟರು.

ಇಷ್ಟು ಮರ್ಯಾದೆ ಸಿಕ್ಕ ಮೇಲೆ ಹುಡುಗ ಕಪ್ಪೆ ಬಿಚ್ಚಿ ಪಾಪರ್ ಕಟ್ಟಿದ. ಅದು ಬಾಯಿ ತೆರೆದ ಮರದ ಗೊಂಬೆಯ ಹಾಗಿರುತ್ತದೆ, ಜಗ್ಗಿದರೆ ಗುಳುಂ ಅಂತ ನೀರು ಉಗುಳುತ್ತದೆ. ಅದರ ಕೊಕ್ಕೆ ಮೂರು ಮುಳ್ಳಿನದು, ಬೆನ್ನಿಗೆ ಅವಿತುಕೊಳ್ಳುವ ಜಾತಿಯದಲ್ಲ. ಎಸೆದ. ಗುಳುಂ. ಕಾದ. ಗುಳುಂ. ಮೂರನೇ ಸಲಕ್ಕೆ ಪಾಪರ್ ಕಾಣೆಯಾಯಿತು. ಸದ್ದು ಕೇಳಿದ ಕೂಡಲೇ ಎಳೆಯಬಾರದು, ಭಾರ ಕೈಗೆ ಬರಬೇಕು ಅಂತ ವಿಡಿಯೋದವರು ಹೇಳಿದ್ದನ್ನು ಮರೆಯದೆ ಹುಡುಗ ಉಸಿರು ಬಿಗಿಹಿಡಿದು ನಿಂತ. 'ಭಾರ ಬಂತು ಮಾಮಾ!' ರಾಡ್ ಬಿಲ್ಲಿನ ಹಾಗೆ ಬಗ್ಗಿತು. ಐವತ್ತು ಫೋನು ಮೇಲೆದ್ದವು. ಕಾವಲಿನವರದೂ ಎದ್ದಿತು.

ಬಂದದ್ದು ನಿರ್ಮಾಲ್ಯ. ಕ್ಯಾರಿಬ್ಯಾಗಿಗೆ ಗಂಟು ಹಾಕಿ ಯಾರೋ ಭಕ್ತಿಯಿಂದ ಬಿಟ್ಟದ್ದು. ಕೊಳೆತ ಚೆಂಡು ಹೂವು, ಒಂದು ತೆಂಗಿನಕಾಯಿ, ಅರ್ಧ ಸುಟ್ಟ ಊದುಬತ್ತಿ. ನೀರು ಕುಡಿದು ಮೂರ್ನಾಲ್ಕು ಕಿಲೋ ಆಗಿತ್ತು. ಅದನ್ನು ದಂಡೆಯಲ್ಲಿಟ್ಟು, ಕಸದ ಡಬ್ಬಿ ಎಲ್ಲಿದೆ ಅಂತ ನಾನು ಕಣ್ಣು ಹಾಯಿಸುತ್ತಿದ್ದೆ. ಹಿಂದಿನಿಂದ ಒಬ್ಬ ಅಜ್ಜಿ ಬಂದು ಚೀಲಕ್ಕೆ ಕೈಮುಗಿದರು. ದೇವರ ಹೂವು, ಕಾಲಡಿ ಸಿಗುತ್ತದೆ. 'ಪಾಣ್ಯಾತ್ ಸೋಡ್ ಬಾಳಾ' ಅಂದರು. ನೀರಿಗೆ ಬಿಡಪ್ಪಾ. ಕಾವಲಿನವರೂ ತಲೆಯಾಡಿಸಿದರು.

ಹುಡುಗ ನನ್ನ ಮುಖ ನೋಡಿದ. ಮುಳ್ಳು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ವಿಡಿಯೋದವರು ಬಾಸ್ ಬಿಡುವ ಹಾಗೇ ಮೆಲ್ಲಗೆ ನೀರಿಗಿಳಿಸಿದ. ತೇಲಿಕೊಂಡು ಹೋಯಿತು.

ಆ ರಾತ್ರಿ ಅವನ ರೀಲ್ ಬಂತು. ಪಾಪರ್ ಮುಳುಗುವುದಿದೆ, ರಾಡ್ ಬಗ್ಗುವುದಿದೆ, ಜನ ಕೂಗುವುದಿದೆ. ಚೀಲ ಮೇಲೆ ಬರುವ ಮುಂಚೆ ಕತ್ತರಿಸಿದ್ದಾನೆ. ಕೆಳಗೆ 'ಖಡಕವಾಸ್ಲಾದ ದೈತ್ಯ' ಅಂತ ಬರೆದಿದ್ದಾನೆ. ಅವನ ಆಫೀಸಿನ ನಾಲ್ಕು ಜನ ಕಪ್ಪೆ ಆರ್ಡರ್ ಮಾಡಿದ್ದಾರೆ, ಅದರಲ್ಲಿ ಒಬ್ಬರು ಅವನ ಬಾಸ್. ಬರುವ ಭಾನುವಾರ ಐದು ಕಾರು ಹೊರಡುತ್ತವಂತೆ. ಮುಂದಿನ ಕಾರಿನಲ್ಲಿ ನನಗೂ ಒಂದು ಸೀಟು ಇಟ್ಟಿದ್ದಾನೆ, ಸಾಕ್ಷಿ ಹೇಳೋದಕ್ಕೆ.