ಏಪ್ರಿಲ್ 13ರ ಪಟ್ಟಿಯಲ್ಲಿ ಅಂಕೋಲೆ ಬಿಟ್ಟುಹೋಗಿದೆ

ಈ ದಿನ ನಡೆದ ಘಟನೆಗಳನ್ನು ಪಟ್ಟಿ ಮಾಡಿದ ನಿಮ್ಮ 'ಚರಿತ್ರೆಯಲ್ಲಿ ಏಪ್ರಿಲ್ 13' ಲೇಖನ ಓದಿದೆ. 1919ರ ಜಲಿಯನ್‌ವಾಲಾ ಬಾಗ್ ಬಗ್ಗೆ ಬರೆದದ್ದು ಮನಸ್ಸಿಗೆ ತಟ್ಟಿತು. ಆದರೆ ಅದೇ ದಿನ, 11 ವರ್ಷದ ನಂತರ, ಉತ್ತರ ಕನ್ನಡದ ನಮ್ಮ ಅಂಕೋಲೆಯಲ್ಲಿ ನಡೆದದ್ದನ್ನೂ ಸೇರಿಸಬೇಕಿತ್ತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು.

ಇದು ಸುಮ್ನೆ ಕೂಡಿಬಂದ ತಾರೀಕಲ್ಲ. ವಿಚಾರಣೆ ಇಲ್ಲದೆ ಜನರನ್ನು ಬಂಧನದಲ್ಲಿಡಲು ಬಿಟ್ಟ ರೌಲತ್ ಕಾಯ್ದೆ ವಿರುದ್ಧ ದೇಶದಲ್ಲಿ ಹರತಾಳ ನಡೆದದ್ದು 1919ರ ಏಪ್ರಿಲ್ 6ಕ್ಕೆ. ಒಂದು ವಾರಕ್ಕೆ ಅಮೃತಸರದಲ್ಲಿ ಗುಂಡು ಹಾರಿತು. ಆ ಏಳೆಂಟು ದಿನವನ್ನು ಕಾಂಗ್ರೆಸ್ಸಿನವರು ಪ್ರತಿ ವರ್ಷ ರಾಷ್ಟ್ರೀಯ ಸಪ್ತಾಹ ಅಂತ ಆಚರಿಸುತ್ತಿದ್ದರು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ಆ ಸಪ್ತಾಹದ ಮೊದಲ ದಿನ, ಅಂಕೋಲೆಯವರು ಕಾಯ್ದೆ ಮುರಿದದ್ದು ಕೊನೆಯ ದಿನ. ಎರಡನ್ನೂ ಒಟ್ಟಿಗೆ ಓದಿದರೇ ಅರ್ಥ ಆಗೋದು, ಅಲ್ವಾ?

ಇನ್ನೊಂದು ಮಾತು. ಏಪ್ರಿಲ್ ಅಂದರೆ ನಮ್ಮ ಕಡೆ ಉಪ್ಪಿನ ಕಾಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಈಗ ಹೋಗಿ ನೋಡಿ. ಪಾತಿಯಲ್ಲಿ ನಿಂತ ಉಪ್ಪುನೀರು ಬಿಸಿಲಿಗೆ ಆರಿ, ಮೇಲೆ ಬಿಳಿ ಹರಳು ಕಟ್ಟಿರುತ್ತದೆ. ಅದನ್ನು ಎಳೆದು ದಂಡೆಯ ಮೇಲೆ ಗುಪ್ಪೆ ಹಾಕುತ್ತಾರೆ. ಕಾಲಿನ ಬಿರುಕಿಗೆ ಆ ನೀರು ತಾಗಿದರೆ ಎಷ್ಟು ಉರಿಯುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಹೀಗೆ ಮೈಮುರಿದು ತೆಗೆವ ಉಪ್ಪಿಗೆ ಪರದೇಶಿ ಸರ್ಕಾರ ತೆರಿಗೆ ಹಾಕಿದಾಗ ಕರಾವಳಿಯ ಜನ ಸಿಟ್ಟಾಗದೆ ಇರುತ್ತಾರೆಯೇ?

ದಯವಿಟ್ಟು ಪಟ್ಟಿಗೆ ಅಂಕೋಲೆಯನ್ನೂ ಸೇರಿಸಿ. ಶಾಲೆ ಮಕ್ಕಳು ಇಂಥ ಪಟ್ಟಿಗಳನ್ನೇ ನೋಡಿ ಬರೆದುಕೊಳ್ಳುತ್ತಾರೆ.